ಕಂಬಗಳಲ್ಲಿ ಏರಿದ ನೀರು

ಪವಾಡ, ಗಾಳಿ ಸೋಕುವುದು, ಮೈಮೇಲೆ ಬರುವುದು ಇಂಥ ಮಾತುಗಳಿಗೆ ನಮ್ಮ ಮನೆಯಲ್ಲಿ ಜಾಗವಿರಲಿಲ್ಲ. ಅಂಥ ಮಾತು ಎತ್ತಿದ ನೆಂಟರು ಅಪ್ಪನ ಎದುರು ನೆಮ್ಮದಿಯಾಗಿ ಊಟ ಮುಗಿಸಿ ಏಳುವುದೇ ಕಷ್ಟವಿತ್ತು. ಅಪ್ಪ ಹನುಮಂತಪ್ಪ ಸಂಡೂರಿನ ಗಣಿಯೊಂದರ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ನಾನು ಚಿಕ್ಕವಳಿದ್ದಾಗಲೇ ಬೌದ್ಧ ಧರ್ಮಕ್ಕೆ ಸೇರಿ, ಗಾದಿಗನೂರಿನ ನಮ್ಮ ಮನೆಯ ಗೋಡೆಯಿಂದ ದೇವರ ಪಟಗಳನ್ನೆಲ್ಲ ಇಳಿಸಿದ್ದರು. “ಲಾರಿ ನಿಂತ್ರ ಡೀಸೆಲ್ ನೋಡು, ಫಿಲ್ಟರ್ ನೋಡು. ನಿಂಬಿಹಣ್ಣು ಕಟ್ಟಿದ್ರ ಗಾಡಿ ಓಡಂಗಿಲ್ಲ” ಎಂದು ನನಗೆ ಹೇಳಿ ಹೇಳಿ ಬೆಳೆಸಿದರು. ಇದು ಬರೀ ಹಟವಲ್ಲ. ನಮ್ಮ ಕೇರಿಯವರು ಎಲ್ಲಿಗೆ ಬರಬಾರದು, ಏನನ್ನು ಮುಟ್ಟಬಾರದು ಎನ್ನುವುದಕ್ಕೆಲ್ಲ ಒಂದು ಕಾಲದಲ್ಲಿ ದೇವರ ಸಿಟ್ಟನ್ನೇ ಕಾರಣವಾಗಿ ಹೇಳುತ್ತಿದ್ದರು. ಅಪ್ಪ ಅದನ್ನು ಕೇಳಿಕೊಂಡೇ ದೊಡ್ಡವರಾದವರು.

ಅವರ ಮಗಳಾದ ನಾನು ಸಿವಿಲ್ ಎಂಜಿನಿಯರಿಂಗ್ ಓದಿದೆ, ಈಗ ಅದನ್ನೇ ಪಾಠ ಮಾಡುತ್ತೇನೆ. ವಿಚಿತ್ರ ಅನುಭವಗಳನ್ನು ಹೇಳಿಕೊಳ್ಳುವವರನ್ನು ಕಂಡರೆ ನನಗೂ ಒಳಗೊಳಗೇ ನಗು ಬರುತ್ತಿತ್ತು. ಹಾಗಾಗಿ ಇದನ್ನು ಬರೆಯಲು ಇಷ್ಟು ವರ್ಷ ಹಿಡಿಯಿತು. ನೀವು ನಂಬಲೇಬೇಕೆಂದು ನಾನು ಕೇಳುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ, ಅಷ್ಟೆ.

ಆಗ ನಾನು ಪಿಎಚ್.ಡಿ. ಮಾಡುತ್ತಿದ್ದೆ. ಕೆಡವಿದ ಹಳೆಯ ಮನೆಗಳ ಮರವನ್ನು ಹೊಸ ಕಟ್ಟಡಕ್ಕೆ ಮತ್ತೆ ಬಳಸುವುದು ಹೇಗೆ ಎಂಬುದು ನನ್ನ ವಿಷಯ. ನಮ್ಮ ಕಡೆ ಮಣ್ಣಿನ ಮಾಳಿಗೆಯ ಮನೆಗಳು ಒಂದೊಂದಾಗಿ ಹೋಗಿ ಆರ್‌ಸಿಸಿ ಮನೆಗಳು ಏಳುತ್ತಿದ್ದ ಕಾಲ. ಕೆತ್ತನೆ ಇರುವ ಬಾಗಿಲುಗಳು ಹಂಪಿಯ ಸುತ್ತಮುತ್ತಲ ರೆಸಾರ್ಟುಗಳಿಗೆ ಅಲಂಕಾರಕ್ಕೆ ಹೋಗುತ್ತಿದ್ದವು. ಕೆತ್ತನೆ ಇಲ್ಲದ ತೊಲೆ, ಕಂಬಗಳು ಕಂಪ್ಲಿ ಕಡೆ ಬೆಲ್ಲ ಕಾಯಿಸುವ ಒಲೆಗೋ ಇಟ್ಟಿಗೆ ಭಟ್ಟಿಗೋ ಹೋಗುತ್ತಿದ್ದವು. ತಲೆಮಾರುಗಟ್ಟಲೆ ಒಂದು ಮನೆಯನ್ನು ಹೊತ್ತ ಸಾಗುವಾನಿ ಸಂಜೆಯೊಳಗೆ ಬೂದಿಯಾಗುವುದನ್ನು ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು. ಸರಿಯಾಗಿ ಪರೀಕ್ಷೆ ಮಾಡಿ ಆರಿಸಿಕೊಂಡರೆ ಅದೇ ಮರ ಇನ್ನೊಂದು ಮನೆಯನ್ನು ಹೊರುತ್ತದೆ, ಅಷ್ಟರ ಮಟ್ಟಿಗೆ ಹೊಸ ಕಬ್ಬಿಣ, ಸಿಮೆಂಟು ಉಳಿಯುತ್ತದೆ. ಆದರೆ ಹಳೆ ಮರ ಎಂದರೆ ಗೆದ್ದಲು ಎಂದು ಜನ ಮೂಗು ಮುರಿಯುತ್ತಿದ್ದರು. ಕಾಗದದ ಮೇಲೆ ತೋರಿಸಿದರೆ ಯಾರೂ ಒಪ್ಪುವುದಿಲ್ಲ, ಒಂದು ಕಟ್ಟಡ ಕಟ್ಟಿಯೇ ತೋರಿಸಬೇಕು ಎಂದು ನಾನು ನಿಶ್ಚಯ ಮಾಡಿಕೊಂಡೆ.

ನಮ್ಮ ಕೇರಿಯ ಮಕ್ಕಳಿಗೆ ಕೂತು ಓದಲು ಒಂದು ಕೋಣೆ ಬೇಕೆಂದು ಅಪ್ಪ ಬಹಳ ದಿನದಿಂದ ಓಡಾಡುತ್ತಿದ್ದರು. ಜಾಗ ಸಿಕ್ಕಿತ್ತು. ಆ ಕೋಣೆಯನ್ನು ಹಳೆ ಮರದಲ್ಲೇ ಕಟ್ಟುತ್ತೇನೆಂದು ನಾನು ಮುಂದಾದೆ. ಸಂಬಂಧಪಟ್ಟ ಇಲಾಖೆಯವರು ಒಂದು ಷರತ್ತಿನ ಮೇಲೆ ಒಪ್ಪಿದರು. ಕಟ್ಟಡ ಮುಗಿದ ಮೇಲೆ, ಮಳೆಗಾಲದಲ್ಲಿ, ಅವರ ಎಂಜಿನಿಯರ್ ಬಂದು ಮಾಡಿನ ಮೇಲೆ ಭಾರ ಹೇರಿಸಿ ನೋಡುತ್ತಾರೆ. ತಾಳಿದರೆ ಬಾಗಿಲು ತೆರೆಯಬಹುದು. ತಾಳದಿದ್ದರೆ ಮಾಡು ಇಳಿಸಬೇಕು.

ಮರ ಸಿಕ್ಕಿದ್ದು ಮರಿಯಮ್ಮನಹಳ್ಳಿಯಲ್ಲಿ. ಬಸವರಾಜ ಎಂಬುವವರು ಸ್ವಂತ ಲಾರಿ ಇಟ್ಟುಕೊಂಡವರು, ಹಳೆ ಮನೆ ಕೆಡವಿ ಹೊಸದು ಕಟ್ಟಿಸುವ ತಯಾರಿಯಲ್ಲಿದ್ದರು. ಮರವನ್ನು ಭಟ್ಟಿಗೆ ಕಳಿಸುವವರಿದ್ದರು. ನಾನು ಹೋದಾಗ ಅವರ ತಾಯಿ ಸಿದ್ದಮ್ಮ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಾ ಕೂತಿದ್ದರು. ನಾನು ಕಂಬಕ್ಕೆ ಮೀಟರ್ ಹಿಡಿದು ತೇವ ನೋಡುವುದನ್ನು ಸ್ವಲ್ಪ ಹೊತ್ತು ಗಮನಿಸಿ ಕರೆದರು.

“ಅದೇನ್ ನೋಡಾಕತ್ತೀ ತಂಗಿ? ಅದಕ್ಕೇನ್ ಜ್ವರ ಬಂದಾವೇನು?”

“ತೇವ ಐತೇನು ಅಂತ ನೋಡಾಕತ್ತೀನ್ರಿ ಅಮ್ಮಾ. ಭಾಳ ಚಲೋ ಒಣಗ್ಯಾವ.”

“ಒಣಗದ ಏನ್ ಮಾಡ್ಯಾವು! ಇವು ಈ ಊರಿನವಲ್ಲ. ಹಳೇ ಊರಾಗ ನಮ್ಮಪ್ಪ ನಿಲ್ಲಿಸಿದ್ದು. ಡ್ಯಾಮಿನ ನೀರು ಬರತೈತಿ, ಊರು ಬಿಡ್ರಿ ಅಂದಾಗ ಮನಿ ಬಿಚ್ಚಿ ಬಂಡಿ ಮ್ಯಾಲೆ ಹೇರಿದ್ರು. ನಾ ಸಣ್ಣಾಕಿ. ತೊಲಿ ಮ್ಯಾಲೇ ಕುಂತು ಬಂದೆ.”

ಅಪ್ಪನಿಗೆ ಗಂಡುಮಕ್ಕಳಿಲ್ಲದೆ ಸಿದ್ದಮ್ಮನ ಗಂಡನನ್ನು ಮನೆ ಅಳಿಯನಾಗಿ ತಂದುಕೊಂಡದ್ದರಿಂದ ತವರುಮನೆಯಲ್ಲೇ ಅವರ ಬಾಳುವೆ ನಡೆದಿತ್ತಂತೆ. ಮರ ಯಾರಿಗೆ ಎಂದು ಕೇಳಿದರು. ನಾನು ನಮ್ಮ ಊರು, ನಮ್ಮ ಕೇರಿ, ಯಾವುದನ್ನೂ ಮುಚ್ಚಿಡದೆ ಹೇಳಿದೆ. ಸಿದ್ದಮ್ಮನ ಕೈಯಲ್ಲಿದ್ದ ಶೇಂಗಾ ಹಾಗೇ ಉಳಿಯಿತು. ಆ ಮೌನದ ಅರ್ಥ ನನಗೆ ಹೊಸದೇನಲ್ಲ. ಎದ್ದು ಹೋಗಿಬಿಡೋಣವೆಂದು ಚೀಲ ಎತ್ತಿಕೊಂಡೆ.

“ಸುಡಂಗಿಲ್ಲ ಹೌದಿಲ್ಲೋ?” ಎಂದರು.

“ಸುಡಂಗಿಲ್ರಿ. ಮಾಡು ಹೊರತಾವು.”

“ಹಂಗಾರ ಒಯ್ಯಿ.”

ಮನೆಯನ್ನು ಜೋಪಾನವಾಗಿ ಬಿಚ್ಚಿಕೊಟ್ಟವನು ಕಂಪ್ಲಿಯ ಬಡಗಿ ಮೌನೇಶ. ಕಂಬಗಳೆಲ್ಲ ಗಟ್ಟಿಯಾಗಿದ್ದವು, ಒಂದರ ಬುಡವನ್ನು ಮಾತ್ರ ಮೊಣಕಾಲೆತ್ತರದಷ್ಟು ಗೆದ್ದಲು ತಿಂದಿತ್ತು. ಆ ಭಾಗವನ್ನು ಕೊಯ್ದು ತೆಗೆದೆವು. ಉಳಿದದ್ದರಲ್ಲಿ ಮೇಲಿನ ತುದಿ ಹೆಚ್ಚು ಗಟ್ಟಿಯಾಗಿದ್ದರಿಂದ ಆ ಕಂಬವನ್ನು ತಲೆಕೆಳಗು ಮಾಡಿ, ಕಡಿಮೆ ಬಿದ್ದ ಉದ್ದಕ್ಕೆ ಕೆಳಗೊಂದು ಎತ್ತರದ ಕಲ್ಲು ಕೊಟ್ಟು ನಿಲ್ಲಿಸಿದೆವು. ಈ ಒಂದು ವಿಷಯವನ್ನು ದಯವಿಟ್ಟು ನೆನಪಿಡಿ. ಉಳಿದ ಮೂರು ಕಂಬಗಳು ಹಳೆ ಮನೆಯಲ್ಲಿ ಹೇಗಿದ್ದವೋ ಹಾಗೆಯೇ ನಿಂತವು. ಅವುಗಳ ಮೇಲೆ ಅದೇ ಮನೆಯ ತೊಲೆಗಳು, ತೊಲೆಗಳ ಮೇಲೆ ಹಲಗೆ, ಹಲಗೆಯ ಮೇಲೆ ಸುಣ್ಣದ ಗಚ್ಚು. ಬಾಗಿಲ ಚೌಕಟ್ಟು ಮಾತ್ರ ಹೊಸ ಮರದ್ದು. ಬೇಸಿಗೆಯಲ್ಲಿ ಕೆಲಸ ಮುಗಿದಾಗ ಒಂದೊಂದು ಮರವನ್ನೂ ನಾನೇ ಮೀಟರ್ ಹಿಡಿದು ನೋಡಿದ್ದೆ. ಎಲ್ಲವೂ ಒಣಗಿ ಖಣಖಣ ಎನ್ನುತ್ತಿದ್ದವು.

ಆ ವರ್ಷ ಆಷಾಢದಲ್ಲಿ ಗಾದಿಗನೂರಿಗೆ ಮಳೆಯೇ ಇಲ್ಲ. ಕೆಂಪು ಧೂಳು ಎಬ್ಬಿಸುವ ಗಾಳಿ ಮಾತ್ರ. ಆದರೆ ಮೇಲೆ ಘಟ್ಟದಲ್ಲಿ ಜೋರು ಮಳೆ ಹಿಡಿದು ಡ್ಯಾಮಿಗೆ ನೀರು ಬರತೊಡಗಿತ್ತು. ಹೊಸಪೇಟೆಯಲ್ಲಿ ಚಹಾ ಅಂಗಡಿಯಿಂದ ಬಸ್ ಸ್ಟ್ಯಾಂಡಿನವರೆಗೆ ಎಲ್ಲರ ಬಾಯಲ್ಲೂ ಅದೇ ಮಾತು. ಅಲ್ಲಿ ರೂಮು ಮಾಡಿಕೊಂಡಿದ್ದ ನಾನು ಪರೀಕ್ಷೆಯ ದಿನಕ್ಕೆ ಕಾಗದಪತ್ರ ಹೊಂದಿಸುವುದರಲ್ಲಿದ್ದೆ. ಒಂದು ಬೆಳಿಗ್ಗೆ ಅಪ್ಪ ಫೋನ್ ಮಾಡಿದರು.

“ಯವ್ವಾ, ಕಂಬದ ಬುಡ ತೋಯ್ದಾವು. ಯಾರರ ನೀರು ಚೆಲ್ಯಾರೇನು ಅಂತ ನೋಡಿದೆ. ನೆಲ ಒಣಗೇ ಐತಿ.”

ಹೋಗಿ ನೋಡಿದೆ. ಮೂರು ಕಂಬಗಳು ಮೊಣಕಾಲೆತ್ತರದವರೆಗೆ ಒದ್ದೆಯಾಗಿದ್ದವು. ಒದ್ದೆ ಎಂದರೆ ಬರೀ ತಂಪಲ್ಲ, ಒತ್ತಿದ ಬೆರಳಿಗೆ ನೀರು ಹತ್ತುತ್ತಿತ್ತು. ಮೂರರಲ್ಲೂ ಒದ್ದೆಯ ಗೆರೆ ದಾರ ಹಿಡಿದು ಎಳೆದಂತೆ ಒಂದೇ ಮಟ್ಟದಲ್ಲಿತ್ತು. ತಲೆಕೆಳಗಾದ ಕಂಬ ಮಾತ್ರ ಒಣಗಿತ್ತು. ಕಂಬ ನಿಂತ ಕಲ್ಲುಗಳು ಒಣಗಿದ್ದವು, ಗೋಡೆ ಒಣಗಿತ್ತು, ಹೊಸ ಚೌಕಟ್ಟು ಒಣಗಿತ್ತು.

ನೆಲದ ತೇವ ಮೇಲೆ ಹತ್ತಿರಬೇಕು ಎಂಬುದು ಮೊದಲು ಬಂದ ಯೋಚನೆ. ಅಪ್ಪ ಹಾರೆ ತಂದು ಒಂದು ಕಲ್ಲಿನ ಪಕ್ಕದಲ್ಲೇ ಅಗೆದರು. ತೊಡೆಯಾಳದವರೆಗೂ ಒಣ ಪುಡಿಮಣ್ಣು. ಹತ್ತಿರದಲ್ಲಿ ನಲ್ಲಿಯ ಪೈಪೂ ಇಲ್ಲ. ಮರದಲ್ಲಿ ಉಪ್ಪಿನಂಶ ಸೇರಿದ್ದರೆ ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಆ ನೀರನ್ನು ನಾಲಿಗೆಗೆ ಹಚ್ಚಿ ನೋಡಿದೆ. ಉಪ್ಪಿರಲಿಲ್ಲ. ಮೀಟರ್ ಕೆಟ್ಟಿರಬಹುದೆಂದು ಸ್ನೇಹಿತೆಯ ಬಳಿ ಇನ್ನೊಂದನ್ನು ತರಿಸಿದೆ, ಅದೂ ಇದನ್ನೇ ಹೇಳಿತು. ಬಟ್ಟೆಯಿಂದ ಒರೆಸಿದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಒದ್ದೆ. ಒರೆಸಿದ ಬಟ್ಟೆಗೆ ಹೊಳೆದಂಡೆಯ ಕೆಸರಿನ ವಾಸನೆ ಇತ್ತು.

ಮರುದಿನಕ್ಕೆ ಗೆರೆ ಸೊಂಟದ ಮಟ್ಟಕ್ಕೆ ಬಂದಿತ್ತು. ಮೂರೂ ಕಂಬಗಳಲ್ಲಿ ಒಟ್ಟಿಗೆ. ನಾನು ಮಂಡಿಯೂರಿ ಕೂತು ಕಲ್ಲಿನ ಕೆಳಗೆ ಟಾರ್ಚು ಬಿಟ್ಟು ನೋಡುತ್ತಿದ್ದಾಗ ಕುತ್ತಿಗೆಯ ಮೇಲೆ ಒಂದು ಹನಿ ಬಿತ್ತು. ತಲೆ ಎತ್ತಿದೆ. ನಾನು ಕೂತದ್ದು ನಾಲ್ಕನೆಯ ಕಂಬದ ಹತ್ತಿರ. ಏಣಿ ಹಾಕಿ ಹತ್ತಿ ನೋಡಿದರೆ ಅದರ ಮೇಲ್ತುದಿ ಒದ್ದೆಯಾಗಿತ್ತು. ಅದಕ್ಕೆ ತಾಗಿದ ತೊಲೆ ಒಣಗಿತ್ತು, ಹಲಗೆ ಒಣಗಿತ್ತು. ಒದ್ದೆ ಮೇಲಿನಿಂದ ಕೆಳಗೆ ಇಳಿಯುತ್ತಿತ್ತು.

ನಾನು ಏಣಿಯ ಮೇಲೇ ಕೂತುಬಿಟ್ಟೆ. ಆ ಕಂಬದ ಮೇಲ್ತುದಿ ಎಂದರೆ ಹಳೆ ಮನೆಯಲ್ಲಿ ಅದರ ಕೆಳತುದಿ. ಅದರಲ್ಲಿ ಮೊಣಕಾಲೆತ್ತರದ ಬುಡವನ್ನು ನಾವು ಕೊಯ್ದಿದ್ದೆವು. ಹಿಂದಿನ ದಿನ ಅದು ಒಣಗಿದ್ದದ್ದು ಏಕೆ ಎಂಬುದೂ ಆಗ ಹೊಳೆಯಿತು: ಅವತ್ತು ಒದ್ದೆ ಮುಟ್ಟಬೇಕಿದ್ದ ಭಾಗವೇ ಅದಕ್ಕೆ ಇರಲಿಲ್ಲ. ಹೊಳೆದದ್ದು ನನಗೆ ಬೇಡವಾಗಿತ್ತು. ಕೆಳಗೆ ನಿಂತಿದ್ದ ಅಪ್ಪನಿಗೆ ಹೇಳದೆ ಇಳಿದು ಬಂದೆ.

ಅಷ್ಟರಲ್ಲಿ ಕೇರಿಯಲ್ಲಿ ಸುದ್ದಿ ಹಬ್ಬಿತ್ತು. ಪಕ್ಕದ ಮನೆಯ ದುರುಗಮ್ಮ ನನ್ನನ್ನು ಎತ್ತಿ ಆಡಿಸಿದವಳು, ನನ್ನ ಮೇಲೆ ಅವಳಿಗೆ ಪ್ರೀತಿಯೇ. ಬಾಗಿಲ ಹೊರಗೆ ನಿಂತು ಕೆನ್ನೆಗೆ ಕೈ ಹಚ್ಚಿಕೊಂಡಳು.

“ದೊಡ್ಡೋರ ಮನಿ ಕಟ್ಟಿಗಿ ನಮಗ ಒಗ್ಗಂಗಿಲ್ಲ ಅಂತ ನಾ ಆಗ್ಲೇ ಅಂದಿದ್ದೆ. ಅಳಾಕತ್ಯಾವ ನೋಡು. ಹನುಮಂತಣ್ಣ, ಒಂದು ಕಾಯರ ಒಡಸು.”

ಅಪ್ಪನ ಮುಖ ಕೆಂಪಗಾಯಿತು. “ಕಾಯಿ ಒಡದ್ರ ಏನಂದಂಗಾತು? ಈ ಕಟ್ಟಿಗಿ ಮುಟ್ಟಿ ನಾವು ತಪ್ಪು ಮಾಡೀವಿ ಅಂತ ಒಪ್ಪಿದಂಗಾತು. ನಾಳೆ ಊರಾಗ ಎಲ್ಲಾರೂ ಅದನ್ನ ಹೇಳತಾರ. ನಮ್ಮ ಮಕ್ಕಳು ಇಲ್ಲಿ ಓದಾಕ ಕುಂತಾಗೂ ಅದನ್ನ ಹೇಳತಾರ. ನಾ ಒಡಸಂಗಿಲ್ಲ.”

ದುರುಗಮ್ಮ ಹೋದ ಮೇಲೆ ನನ್ನ ಕಡೆ ತಿರುಗಿದರು. “ಓದಿಯಲ್ಲ, ಕಾರಣ ಹುಡುಕು. ಎಂಥದರ ಇರ್ಲಿ, ಹುಡುಕು.”

“ಸಿಗದಿದ್ರ? ಪರೀಕ್ಷಾ ಮುಂದಕ್ಕ ಹಾಕ್ರಿ ಅಂತ ಕೇಳಲೇನು?”

“ಮುಂದಕ್ಕ ಹಾಕಿದ್ರ ನಾವ್ ಹೆದರಿದಂಗ. ಹಾಕಬ್ಯಾಡ.”

ನನಗೂ ಮುಂದಕ್ಕೆ ಹಾಕುವ ಮನಸ್ಸಿರಲಿಲ್ಲ. ಸ್ಕೂಟಿ ಹತ್ತಿ ಮರಿಯಮ್ಮನಹಳ್ಳಿಗೆ ಹೋದೆ. ಸಿದ್ದಮ್ಮನಿಗೆ ಹೇಗೆ ಕೇಳುವುದೆಂದು ತಿಳಿಯದೆ, ಹಳೆ ಮನೆಯ ಕಂಬಗಳು ಎಂದಾದರೂ ಒದ್ದೆಯಾಗಿದ್ದವೇ ಎಂದಷ್ಟೇ ಕೇಳಿದೆ.

“ಇಲ್ಲವ್ವ. ನಾ ಕಂಡಿಲ್ಲ,” ಎಂದರು. ಆಮೇಲೆ ನೆನಪು ಮಾಡಿಕೊಂಡು, “ಡ್ಯಾಮ್ ತುಂಬೋ ದಿನದಾಗ ಕಂಬಕ್ಕ ಒರಗಿ ಕುಂದ್ರಬ್ಯಾಡ್ರಿ ಅಂತ ನಮ್ಮವ್ವ ಬೈಯಾಕಿ. ಯಾಕಂತ ನಾವ್ ಕೇಳಲಿಲ್ಲ, ಆಕಿ ಹೇಳಲಿಲ್ಲ. ಯಾಕ ತಂಗಿ, ಏನಾತು?” ಎಂದು ಕೇಳಿದರು.

ನಾನು ಏನೂ ಇಲ್ಲವೆಂದೆ. ಹಳೆ ಊರಿದ್ದ ಜಾಗ ತೋರಿಸಲು ಬಸವರಾಜ ಬೈಕಿನಲ್ಲಿ ಕರೆದುಕೊಂಡು ಹೋದರು. ಹಿನ್ನೀರಿನ ದಂಡೆಯಲ್ಲಿ ಜಾಲಿ ಪೊದೆಗಳ ನಡುವೆ ನಿಂತೆವು. ಎದುರಿಗೆ ಕೆಂಪು ನೀರು ಕಣ್ಣಳತೆ ದೂರಕ್ಕೂ ಹರಡಿಕೊಂಡಿತ್ತು. ಅದರ ನಡುವೆ, ದಂಡೆಯಿಂದ ಅಷ್ಟೇನೂ ದೂರವಲ್ಲದ ಕಡೆ, ಒಂದು ಕಲ್ಲಿನ ಗುಡಿಯ ಮಾಡು ಮತ್ತು ಕಂಬಗಳ ಮೇಲರ್ಧ ಕಾಣುತ್ತಿದ್ದವು.

“ಬ್ಯಾಸಿಗ್ಯಾಗ ಪೂರಾ ಒಣನೆಲ ಆಗಿರತೈತ್ರಿ. ದನ ಮೇಯತಾವು. ಈಗ ದಿನಾ ಏರಾಕತ್ತೈತಿ. ಮೊನ್ನಿ ನಾ ಬಂದಾಗ ಗುಡಿ ಕಂಬದ ಬುಡಕ್ಕಿತ್ತು. ಈಗ ನೋಡ್ರಿ ಅರ್ಧಕ್ಕ ಬಂದೈತಿ,” ಎಂದರು ಬಸವರಾಜ.

“ನಿಮ್ಮ ಮನಿ ಎಲ್ಲಿತ್ರಿ?”

“ಆ ಗುಡಿ ಎದುರಿಗೇ ಅಂತ. ಅದರ ಮಟ್ಟಕ್ಕ.”

ಅವರು ಬೀಡಿ ಹಚ್ಚಿಕೊಂಡು ಲಾರಿಯ ಟೈರಿನ ವಿಷಯ ಏನೋ ಹೇಳುತ್ತಿದ್ದರು. ನಾನು ಗುಡಿಯ ಕಂಬಗಳನ್ನೇ ನೋಡುತ್ತಿದ್ದೆ. ಆ ದೂರದಿಂದ ಅಳೆಯಲು ಬರುತ್ತಿರಲಿಲ್ಲ. ಕಣ್ಣಂದಾಜಿನ ಮೇಲೆ ಯಾವ ತೀರ್ಮಾನಕ್ಕೂ ಬರಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಇಲ್ಲಿ ನೀರು ಏರಿದ ಮಟ್ಟಕ್ಕೇ ನಮ್ಮ ಕಂಬಗಳಲ್ಲಿ ಒದ್ದೆ ಏರುತ್ತಿದೆ ಎಂಬ ಯೋಚನೆ ತಲೆಯಿಂದ ಹೋಗಲಿಲ್ಲ. ಗಾದಿಗನೂರಿಗೆ ವಾಪಸ್ಸು ಬರುವಷ್ಟರಲ್ಲಿ ಗೆರೆ ನನ್ನ ಭುಜಕ್ಕೆ ಬಂದಿತ್ತು, ಹೊತ್ತು ಮುಳುಗುವ ವೇಳೆಗೆ ತಲೆಯ ಮೇಲೆ ಹೋಗಿತ್ತು. ತಲೆಕೆಳಗಿನ ಕಂಬದಲ್ಲಿ ಒಣಗಿದ್ದ ಭಾಗ ಕೆಳಗೆ ಸ್ವಲ್ಪವೇ ಉಳಿದಿತ್ತು.

ಮರುದಿನವೇ ಪರೀಕ್ಷೆ. ಬೆಳಿಗ್ಗೆ ತೊಲೆಗಳೂ ಒದ್ದೆಯಾಗಿದ್ದವು. ಬಂದ ಎಂಜಿನಿಯರ್ ಒಳ್ಳೆಯ ಮನುಷ್ಯ, ನಿವೃತ್ತಿಗೆ ಹತ್ತಿರವಾದವರು. ಬಾಗಿಲಲ್ಲಿ ನಿಂತು ಕೈಚಾಚಿ ಹತ್ತಿರದ ಕಂಬ ಮುಟ್ಟಿದರು, ಬೆರಳು ನೋಡಿಕೊಂಡರು.

“ಏನ್ರಿ ಮೇಡಂ ಇದು, ಎಲ್ಲೆರ ಪೈಪ್ ಒಡದೈತೇನು?”

“ಇಲ್ಲಿ ಪೈಪೇ ಇಲ್ಲ ಸರ್. ಕಾರಣ ಹುಡುಕಾಕತ್ತೀನಿ. ಇನ್ನೂ ಸಿಕ್ಕಿಲ್ಲ.”

“ಹಸಿ ಮರ ಇಷ್ಟು ಭಾರ ತಾಳಂಗಿಲ್ರಿ. ನಿಮಗ ನಾ ಹೇಳಬೇಕೇನು? ಒಣಗ್ಲಿ, ಇನ್ನೊಮ್ಮೆ ಬರತೀನಿ.”

ಅವರು ಹೇಳಿದ್ದು ಸರಿಯೇ. ನೀರು ಕುಡಿದ ಮರ ಮೆತ್ತಗಾಗುತ್ತದೆ, ಹೆಚ್ಚು ಬಾಗುತ್ತದೆ. ಆದರೆ ಹೊರಗೆ ಇಡೀ ಕೇರಿ ನೆರೆದಿತ್ತು. ಊರಿನ ಕೆಲವರು ನೋಡಲೆಂದೇ ಬಂದು ದೂರದಲ್ಲಿ ನಿಂತಿದ್ದರು. ಇವತ್ತು ಈ ಎಂಜಿನಿಯರ್ ಹಾಗೇ ಹೊರಟುಹೋದರೆ ದುರುಗಮ್ಮನ ಮಾತೇ ನಿಜವಾಗಿ ಉಳಿಯುತ್ತದೆ, ಆಮೇಲೆ ನಾನು ನೂರು ಸಲ ಪಾಸು ಮಾಡಿಸಿದರೂ ಈ ಕೋಣೆಯಲ್ಲಿ ಮಕ್ಕಳು ಬಂದು ಕೂರುವುದಿಲ್ಲ ಎನ್ನಿಸಿತು.

“ಇವತ್ತೇ ಆಗ್ಲಿ ಸರ್,” ಎಂದೆ. “ಬೀಳೂದಿದ್ರ ಇವತ್ತೇ ಬೀಳ್ಲಿ. ಮತ್ತ ನಾ ಈ ಮರದ ಮಾತು ಎತ್ತಂಗಿಲ್ಲ.”

ಅವರು ಒಪ್ಪಿದರು. ಮಾಡಿನ ಕೆಳಗೆ ಯಾರೂ ಇರಬಾರದು ಎಂದರು. ಆದರೆ ತೊಲೆ ಎಷ್ಟು ಬಾಗುತ್ತದೆಂದು ತೋರಿಸುವ ಮುಳ್ಳಿನ ಮೀಟರುಗಳು ತೊಲೆಯ ಕೆಳಗೇ ಇದ್ದವು, ಭಾರ ಏರಿದ ಹಾಗೆ ಯಾರಾದರೂ ಅದನ್ನು ಓದಲೇಬೇಕಿತ್ತು. ಹೆಲ್ಮೆಟ್ ಹಾಕಿಕೊಂಡು ನಾನೇ ಒಳಗೆ ಹೋದೆ.

ಹೊರಗೆ ಮರಳಿನ ಚೀಲಗಳ ರಾಶಿ ಇತ್ತು. ಒಂದು ಕ್ಷಣ ಯಾರೂ ಮುಂದೆ ಬರಲಿಲ್ಲ. ಮೊದಲ ಚೀಲಕ್ಕೆ ಕೈ ಹಾಕಿದವಳು ದುರುಗಮ್ಮ. “ಹುಡುಗಿ ಒಳಗ ಐತಿ. ನಾವ್ ಹೊರಗ ನಿಂತು ಮಾತಾಡಿದ್ರ ಚಂದ ಕಾಣತೈತೇನು? ಎತ್ರಿ ಲೇ!” ಎಂದು ಗದರಿದ್ದು ನನಗೆ ಚೆನ್ನಾಗಿ ಕೇಳಿಸಿತು. ಏಣಿಯುದ್ದಕ್ಕೂ ಜನ ನಿಂತು ಕೈಯಿಂದ ಕೈಗೆ ಚೀಲ ದಾಟಿಸತೊಡಗಿದರು. ಮೊದಲ ಚೀಲಗಳು ಮಾಡಿನ ಮೇಲೆ ದೊಪ್ ದೊಪ್ ಎಂದು ಬಿದ್ದದ್ದೂ ಕೇಳಿಸಿತು.

ನಾನು ಕೋಣೆಯ ನಡುವೆ, ನಾಲ್ಕೂ ಕಂಬಗಳ ಮಧ್ಯಕ್ಕೆ ಬಂದು ಮೀಟರಿನ ಕೆಳಗೆ ನಿಂತೆ. ನಿಂತ ಕೂಡಲೇ ಸದ್ದು ನಿಂತುಹೋಯಿತು.

ಇದನ್ನು ಹೇಗೆ ಹೇಳಿದರೆ ನಿಮಗೆ ತಿಳಿದೀತೋ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಕಾಲುವೆಯಲ್ಲಿ ಮುಳುಗು ಹಾಕಿದಾಗ ದಂಡೆಯ ಮೇಲಿನವರ ಕೂಗಾಟ ಥಟ್ಟನೆ ಇಲ್ಲವಾಗಿ ಕಿವಿಯೊಳಗೆ ಬರೀ ಒತ್ತಡ ಉಳಿಯುತ್ತಿತ್ತಲ್ಲ, ಹಾಗೆ. ಉಸಿರಾಟಕ್ಕೆ ಏನೂ ತೊಂದರೆಯಾಗಲಿಲ್ಲ. ನನ್ನ ಬಟ್ಟೆ ಒದ್ದೆಯಾಗಲಿಲ್ಲ. ಬಾಗಿಲಿನಿಂದ ಬಿಸಿಲು ಎಂದಿನಂತೆ ಒಳಗೆ ಬಿದ್ದಿತ್ತು, ಅದರಲ್ಲಿ ಧೂಳು ಆಡುತ್ತಿತ್ತು. ಮೇಲೆ ಚೀಲಗಳು ಬೀಳುತ್ತಿದ್ದದ್ದು ತೊಲೆಯ ನಡುಕದಿಂದ ಗೊತ್ತಾಗುತ್ತಿತ್ತು, ಸದ್ದು ಮಾತ್ರ ಇಲ್ಲ. ನಾನು ಕೆಮ್ಮಿದೆ, ನನ್ನ ಕೆಮ್ಮೇ ನನಗೆ ಕೇಳಿಸಲಿಲ್ಲ. ಹೆದರಿಕೆಯಾಯಿತೇ ಎಂದರೆ ಆಯಿತು. ಓಡಿಹೋಗಬೇಕೆಂದು ಕಾಲು ಎಳೆಯುತ್ತಿತ್ತು. ಆದರೆ ನಾನು ಓಡಿ ಹೊರಗೆ ಬಂದದ್ದನ್ನು ಅಷ್ಟು ಜನ ನೋಡಿದರೆ ಮುಂದೆ ಹೇಳುವುದೇನೂ ಉಳಿಯುತ್ತಿರಲಿಲ್ಲ. ಮುಳ್ಳಿನ ಮೇಲೆ ಕಣ್ಣು ನೆಟ್ಟು ನಿಂತೆ. ಮುಳ್ಳು ಸರಿದಂತೆ ಓದಿದೆ, ಬರೆದುಕೊಂಡೆ, ಮತ್ತೆ ಓದಿದೆ.

ಎಷ್ಟು ಹೊತ್ತು ಹಾಗಿದ್ದೆನೋ ಅಂದಾಜಿಲ್ಲ. ಬಾಗಿಲಲ್ಲಿ ಅಪ್ಪ ಕಾಣಿಸಿದರು. ಚೀಲ ಹೇರಿ ಮುಗಿಯಿತು ಎಂದು ಹೇಳಲು ಬಂದಿರಬೇಕು. ಬಾಯಿ ಆಡಿಸುತ್ತಲೇ ನನ್ನ ಕಡೆ ನಡೆದು ಬಂದರು. ನನಗೆ ಏನೂ ಕೇಳಿಸಲಿಲ್ಲ. ಕಂಬಗಳ ನಡುವೆ ಬಂದದ್ದೇ ಅವರ ಬಾಯಿ ಅರ್ಧಕ್ಕೆ ನಿಂತಿತು. ಕಣ್ಣು ಅಗಲವಾಯಿತು. ಕೈ ಎತ್ತಿ ಒಂದು ಕಿವಿ ಮುಟ್ಟಿಕೊಂಡರು. ಮಾಡಿನ ಕಡೆ ನೋಡಿದರು, ಕಂಬಗಳನ್ನು ಒಂದೊಂದಾಗಿ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಆಮೇಲೆ ನನ್ನ ಮೊಣಕೈ ಹಿಡಿದುಕೊಂಡು ಹೊರಗೆ ಕರೆತಂದರು. ಹೊಸ್ತಿಲು ದಾಟಿದ ಕೂಡಲೇ ಕೇರಿಯ ಗದ್ದಲವೆಲ್ಲ ಕಿವಿಗೆ ಅಪ್ಪಳಿಸಿತು. ಅಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಎರಡೂ ಕಿವಿಗಳನ್ನು ಒರೆಸಿಕೊಂಡರು. ಟವೆಲ್ಲು ಒಣಗಿತ್ತು.

ಮಾಡು ತಾಳಿತು. ಭಾರವನ್ನು ಮರುದಿನದವರೆಗೆ ಹಾಗೇ ಬಿಟ್ಟು ಇಳಿಸಿದರು. ಅಷ್ಟು ನೀರು ಕುಡಿದ ತೊಲೆಗಳು ಒಣಮರ ಎಷ್ಟು ಬಾಗಬೇಕೋ ಅಷ್ಟೇ ಬಾಗಿ, ಭಾರ ಇಳಿದ ಮೇಲೆ ಮೊದಲಿನಂತೆ ನೆಟ್ಟಗಾಗಿದ್ದವು. ಎಂಜಿನಿಯರ್ ತಲೆ ಕೆರೆದುಕೊಂಡು, “ಸೀಸನ್ ತೇವ ಅಂತ ಬರೀತೀನ್ರಿ, ಇನ್ನೇನ್ ಬರೀಲಿ,” ಎಂದು ಸಹಿ ಮಾಡಿದರು. ದುರುಗಮ್ಮ ಆ ಸಂಜೆ ಇಡೀ ಕೇರಿಗೆ ಮಂಡಕ್ಕಿ ಒಗ್ಗರಣೆ ಮಾಡಿದಳು.

ಮುಂದೆ ಆದದ್ದನ್ನೂ ಹೇಳಬೇಕು. ಪರೀಕ್ಷೆ ಮುಗಿದು ಸ್ವಲ್ಪ ದಿನಕ್ಕೆಲ್ಲ ಮರ ತಾನಾಗಿ ಒಣಗಿತು. ಡ್ಯಾಮು ಆಗ ತುಂಬಿ ತುಳುಕುತ್ತಿತ್ತು, ಗುಡಿಯ ಮಾಡು ಕೂಡ ಮುಳುಗಿತ್ತು. ನೀರು ಇಳಿದಿರಲಿಲ್ಲ, ಮರ ಒಣಗಿತ್ತು. ಅಷ್ಟು ತೋಯ್ದು ಒಣಗಿದ ಮರ ಉಬ್ಬಿ ಬಿರಿಯಬೇಕಿತ್ತು. ಒಂದು ಸೀಳೂ ಇಲ್ಲ, ಬೂಷ್ಟೂ ಇಲ್ಲ. ಮುಂದಿನ ವರ್ಷ ಆಷಾಢಕ್ಕೆ ನಾನು ರಜೆ ಹಾಕಿ ಮೀಟರ್ ಹಿಡಿದು ಕಾದೆ. ಡ್ಯಾಮು ತುಂಬಿತು, ಕಂಬಗಳು ಒಣಗೇ ಇದ್ದವು. ಆ ಮುಂದಿನ ವರ್ಷವೂ ಅಷ್ಟೇ. ಇವತ್ತಿನವರೆಗೂ ಅಷ್ಟೇ. ಹೀಗಾಗಿ, ಹಿನ್ನೀರಿನ ದಂಡೆಯಲ್ಲಿ ನಿಂತಾಗ ನನ್ನ ತಲೆಗೆ ಬಂದ ಯೋಚನೆಯೂ ಪೂರ್ತಿ ನಿಲ್ಲುವುದಿಲ್ಲ. ನಾನು ಪರಿಚಯದ ವಿಜ್ಞಾನಿಗಳನ್ನು ಕೇಳಿದೆ. ಅವರು ಕೊಟ್ಟ ಒಂದೊಂದು ವಿವರಣೆಯೂ ಒಂದೊಂದು ಕಂಬಕ್ಕೆ ಹೊಂದುತ್ತದೆ. ನಾಲ್ಕಕ್ಕೂ ಹೊಂದುವುದು ಯಾವುದೂ ಸಿಕ್ಕಿಲ್ಲ.

ಪ್ರಬಂಧ ಬರೆಯುವಾಗ ಆ ಭಾಗವನ್ನು ಬಿಟ್ಟುಬಿಡು ಎಂದು ನನ್ನ ಮಾರ್ಗದರ್ಶಕರು ಕಾಳಜಿಯಿಂದಲೇ ಹೇಳಿದರು. ಅಪ್ಪನನ್ನು ಕೇಳಿದೆ.

“ಗೊತ್ತಿಲ್ಲ ಅಂತ ಬರಿ. ಅದರಾಗ ನಾಚಿಕಿ ಏನೈತಿ? ಗೊತ್ತಿಲ್ಲ ಅನ್ನೂದರ ಮುಂದ ಮಾತ್ರ ಬ್ಯಾರೆ ಏನೂ ಸೇರಸಬ್ಯಾಡ,” ಎಂದರು.

ಹಾಗೆಯೇ ಬರೆದೆ. ತೇವದ ಅಳತೆಗಳನ್ನೆಲ್ಲ ಕೊಟ್ಟು, ಕಾರಣ ತಿಳಿದುಬಂದಿಲ್ಲ ಎಂದು ಒಂದು ಸಾಲು. ಆದರೆ ಸದ್ದು ನಿಂತದ್ದನ್ನು ಅದರಲ್ಲಿ ಬರೆಯಲಿಲ್ಲ. ಅದನ್ನು ಅಳೆಯುವ ಮೀಟರ್ ನನ್ನ ಬಳಿ ಇರಲಿಲ್ಲ.

ಹಳೆ ಮರದ ಕೆಲಸವನ್ನು ನಾನು ಬಿಡಲಿಲ್ಲ. ವಡ್ಡು ಎಂಬ ಊರಿನಲ್ಲಿ ಒಂದು ಅಂಗನವಾಡಿಗೆ, ಕಂಪ್ಲಿಯಲ್ಲಿ ಇಬ್ಬರ ಮನೆಗಳಿಗೆ ಅಂಥದೇ ಮಾಡು ಕಟ್ಟಿದ್ದೇವೆ. ಎಲ್ಲವೂ ಗಟ್ಟಿಯಾಗಿವೆ, ಒಣಗಿವೆ. ಗಾದಿಗನೂರಿನ ಕೋಣೆಯಲ್ಲಿ ಶಾಲೆಯ ಪರೀಕ್ಷೆಗಳು ಬಂದಾಗ ಮಕ್ಕಳಿಗೆ ಕೂರಲು ಜಾಗ ಸಾಲುವುದಿಲ್ಲ.

ಅವತ್ತಿನ ಮಾತನ್ನು ಅಪ್ಪನೂ ನಾನೂ ವರ್ಷಗಟ್ಟಲೆ ಎತ್ತಿರಲಿಲ್ಲ. ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವರು ಅದೇ ಕೋಣೆಯ ಫ್ಯಾನು ಬಿಚ್ಚಿ ಎಣ್ಣೆ ಬಿಡುತ್ತಿದ್ದರು. ನಾನು ಸ್ಟೂಲು ಹಿಡಿದು ನಿಂತಿದ್ದೆ. ಬೇರೆ ಯಾರೂ ಇರಲಿಲ್ಲ. ಕೇಳಿಯೇಬಿಟ್ಟೆ.

“ಅಪ್ಪಾ, ಅವತ್ತು ಒಳಗ ಬಂದೆಲ್ಲ, ನಿನಗ ಏನ್ ಕೇಳಿಸ್ತು?”

ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ತಿರುಗಿಸುತ್ತಲೇ ಇದ್ದರು. ಒಂದು ನಟ್ಟು ಬಿಗಿದು, “ನಿನಗೇನ್ ಕೇಳಿಸ್ತು?” ಎಂದರು.

“ಏನೂ ಕೇಳಿಸಲಿಲ್ಲ.”

ಅಪ್ಪ ಕೆಳಗೆ ಬಗ್ಗಿ ನನ್ನ ಮುಖ ನೋಡಿದರು.

“ನನಗೂ ಏನೂ ಕೇಳಿಸಲಿಲ್ಲ,” ಎಂದರು.

ಅವತ್ತು ಹೊರಗೆ ಇಡೀ ಕೇರಿ ಕೂಗಾಡುತ್ತಿತ್ತು.